ಇಳಕಲ್ಲಿಗೆ ಒಯ್ದ ಜವಾಬು

ಬಾದಾಮಿ ಸ್ಟೇಷನ್ನಿನಲ್ಲಿ ಇಳಿದಾಗ ಮಧ್ಯಾಹ್ನ ಮೂರೂ ಕಾಲು. ದಾವಣಗೆರೆಯಿಂದ ಬೆಳಿಗ್ಗೆ ಹೊರಟು, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಗದಗಿನಲ್ಲಿ ಒಂದು ಪೊಟ್ಟಣ ಮಿರ್ಚಿ ಭಜಿ ತಿಂದು ಬಂದಿದ್ದೆ. ನನ್ನ ಜೊತೆ ಇಳಿದವರು ಆರೇಳು ಮಂದಿ. ಎಲ್ಲರನ್ನೂ ಕರೆದೊಯ್ಯಲು ಯಾರಾದರೊಬ್ಬರು ಬಂದಿದ್ದರು. ನನ್ನನ್ನು ಕರೆದೊಯ್ಯಬೇಕಿದ್ದ ಮೌಲಾಸಾಬ ಮಾತ್ರ ಬಂದಿರಲಿಲ್ಲ. ಊರು ಅಲ್ಲಿಂದ ಐದು ಕಿಲೋಮೀಟರ್. ಚಳಿಗಾಲ ಎಂದು ಸ್ವೆಟರ್ ಹಾಕಿಕೊಂಡು ಬಂದವನು ಆ ಬಿಸಿಲಿನಲ್ಲಿ ಬೇವಿನ ಗಿಡದ ಕೆಳಗೆ ಅರ್ಧ ಗಂಟೆ ಬೆವರುತ್ತ ನಿಂತೆ.

"ಟಾಯರ್ ಪಂಕ್ಚರ್ ಆಗಿತ್ತಲೇ ಬಸ್ಯಾ, ಏನ್ ಮಾಡ್ಲಿ?" ಎನ್ನುತ್ತ ಕೊನೆಗೆ ಅವನ ಆಟೋ ಬಂತು. ಹನ್ನೊಂದು ವರ್ಷದ ಮೇಲೆ ನೋಡುತ್ತಿದ್ದೇವೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಭಾಳ ಮುದುಕ ಆಗೀಯಲ್ಲೋ, ಕೂದಲೆಲ್ಲಾ ಬೆಳ್ಳಗಾಗ್ಯಾವು" ಅಂದ.

"ನನಗ ಬೆಳ್ಳಗಾದ್ರೂ ಆಗ್ಯಾವು, ನಿನಗ ಅವೂ ಇಲ್ಲ" ಅಂದೆ.

"ಬಾಯಿ ಮಾತ್ರ ಮುದುಕ ಆಗಿಲ್ಲ ಬಿಡು" ಎಂದು ಅವನು ಬೋಳು ತಲೆ ಸವರಿಕೊಂಡು ಆಟೋ ತಿರುಗಿಸಿದ. ಮೌಲಾಸಾಬ ಈಗ ಸ್ಟೇಷನ್ನಿಗೂ ಊರಿಗೂ ನಡುವೆ ಸೀಟಿನ ಮೇಲೆ ಆಟೋ ಓಡಿಸುತ್ತಾನೆ. ತಲೆಗೆ ಇಪ್ಪತ್ತು ರೂಪಾಯಿ. ಹಿಂದೆ ಅವನು ನಮ್ಮ ಹಾಡಿಕೆಯ ಮೇಳದಲ್ಲಿ ಒಂಟಿ ತಂತಿಯ ತುಂತುಣಿ ಬಾರಿಸುತ್ತಿದ್ದ.

ನಾನು ಗುಹೆ ನೋಡಲು ಬಂದವನಲ್ಲ. ದಾವಣಗೆರೆಯ ಗೆಳೆಯರು ಇದನ್ನು ಓದಿ, "ಬಾದಾಮಿಗೆ ಹೋಗಿ ಗುಹೆ ನೋಡದೆ ಬಂದೆಯಾ ಮಾರಾಯ" ಎಂದು ಬೈಯಬಾರದು ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ಹೊರಟಿದ್ದು ಇಳಕಲ್ಲಿಗೆ, ನೀಲವ್ವನ ಹಾಡು ಕೇಳಲು. ಆಕೆ ಅಲ್ಲಿ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಒಂದು ಸಣ್ಣ ಕೋಣೆಯಲ್ಲಿ ತಾನೇ ಕಟ್ಟಿದ ಹಾಡು ಹಾಡುತ್ತಾಳೆ, ಮೂವತ್ತು ಜನರಿಗಿಂತ ಹೆಚ್ಚು ಸೇರಿಸುವುದಿಲ್ಲ ಎಂದು ಮೌಲಾಸಾಬ ಫೋನಿನಲ್ಲಿ ಹೇಳಿದ್ದ. ನಾನು ಆಕೆಗೆ ಒಂದು ಜವಾಬು ಕೊಡಬೇಕಾಗಿತ್ತು. ಹನ್ನೊಂದು ವರ್ಷ ತಡವಾಗಿತ್ತು.

ನಮ್ಮ ಕಡೆಯ ಹಾಡಿಕೆ ಗೊತ್ತಿಲ್ಲದವರಿಗೆ ಒಂದು ಮಾತು. ಹರದೇಶಿಯವನು ಗಂಡು ಹೆಚ್ಚು ಎಂದು ಹಾಡಬೇಕು. ನಾಗೇಶಿಯವಳು ಹೆಣ್ಣು ಹೆಚ್ಚು ಎಂದು ಹಾಡಬೇಕು. ಹಾಡಿನ ಕೊನೆಗೆ ಎದುರಿನವರಿಗೆ ಒಂದು ಸವಾಲು ಹಾಕಿ, ಕೈಯಲ್ಲಿ ಬಾರಿಸುವ ದಪ್ಪು ಕೆಳಗಿಡುತ್ತಾರೆ. ಎದುರಿನವರು ಕೂಡಲೇ ಎದ್ದು ಜವಾಬು ಹಾಡಬೇಕು. ಜವಾಬು ಬರದೆ ಸುಮ್ಮನಾದರೆ ಅಲ್ಲಿಗೆ ಸೋತ ಹಾಗೆ. ನಾನು ಹರದೇಶಿ, ನೀಲವ್ವ ನಾಗೇಶಿ. ಒಂಬತ್ತು ವರ್ಷ ಈ ಜಿಲ್ಲೆಯ ಊರೂರು ತಿರುಗಿದೆವು. ಕಟ್ಟೆಯ ಮೇಲೆ ಹಾವು ಮುಂಗುಸಿ, ಕೆಳಗಿಳಿದರೆ ಒಂದೇ ಚಹಾ ಇಬ್ಬರಿಗೆ. ಆಕೆಯ ಗಂಡ ಆಕೆಯನ್ನು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ನನಗೆ ಮದುವೆಯೇ ಆಗಿರಲಿಲ್ಲ. ಹಾಡಿಕೆಗೆ ಹೊರಟಾಗಲೆಲ್ಲ ಆಕೆ ಎರಡು ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ತನಗೆ, ಒಂದು ನನಗೆ.

ಒಮ್ಮೆ ಕಲಾದಗಿಯ ಶಾಲೆಯ ಅಂಗಳದಲ್ಲಿ ರಾತ್ರಿಯಿಡೀ ಹಾಡಿಕೆ. ಬೆಳಕು ಹರಿಯುತ್ತಿತ್ತು, ಜನ ಇನ್ನೂ ಎದ್ದು ಹೋಗಿರಲಿಲ್ಲ. ನಮ್ಮ ಸವಾಲುಗಳೆಲ್ಲ ಪುರಾಣದವು: ಯಾವ ದೇವರಿಗೆ ಎಷ್ಟು ಮುಖ, ಯಾವ ರಾಣಿ ಯಾರನ್ನು ಶಪಿಸಿದಳು, ಅಂಥವು. ಅವತ್ತು ನೀಲವ್ವ ಪುರಾಣ ಬಿಟ್ಟು ತಾನೇ ಕಟ್ಟಿದ ಒಂದು ನುಡಿ ಹಾಡಿದಳು. ಜನರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿ ಹಾಡಿದಳು.

ಎರಡು ದಾರಿ ಕೂಡೂ ಕಡಿಗೆ ಬನ್ನಿಯ ಗಿಡ ಐತಿ,
ಗಿಡದ ನೆರಳಿಗೆ ಒಬ್ಬಾಕಿ ಕುಂತಾಳ, ಬುತ್ತಿ ಎರಡೈತಿ,
ಒಂದು ಬುತ್ತಿ ತನ್ನ ಹಸಿವಿಗೆ, ಇನ್ನೊಂದು ಯಾರಿಗೆ?
ಹರದೇಶಿ ಹಾಡುವ ಜಾಣ, ಇದರ ಜವಾಬ ಏನೈತಿ?

ದಪ್ಪು ಕೆಳಗಿಟ್ಟಳು. ನಾನು ಒಂದು ಕ್ಷಣವೂ ತಡ ಮಾಡಲಿಲ್ಲ. ಎದ್ದೆ, ಪೇಟ ಸರಿ ಮಾಡಿಕೊಂಡೆ, ಹಾಡಿದೆ.

ಒಂದು ಬುತ್ತಿ ಹಸಿವಿಗಾದರ, ಇನ್ನೊಂದು ಸೊಕ್ಕಿಗೆ,
ಸೊಕ್ಕಿನ ಬುತ್ತಿ ನಾಯೂ ಮೂಸೂದಿಲ್ಲ, ಒಯ್ದು ಹಾಕ ತಿಪ್ಪಿಗೆ!

ಜನ ಸಿಳ್ಳೆ ಹೊಡೆದರು. ಟವೆಲ್ಲುಗಳು ಮೇಲೆ ಹಾರಿದವು. ನೀಲವ್ವ ಕೆಳಗಿಟ್ಟ ದಪ್ಪನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಆಕೆ ಜೋಡಿ ಬಿಟ್ಟಳು, ನಾನು ಊರು ಬಿಟ್ಟೆ. ಯಾರು ಕೇಳಿದರೂ ನನ್ನದು ಒಂದೇ ಮಾತು: ಹಾಡಿನ ಗುಂಗಿನಲ್ಲಿದ್ದೆ, ಅದು ಸವಾಲಲ್ಲ, ಖರೆ ಕೇಳಿದ್ದು ಎಂದು ಹೊಳೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದಾವಣಗೆರೆಯಲ್ಲಿ ನನ್ನ ಕೆಲಸ ಹೇಳಿದರೆ ನಗುತ್ತೀರಿ. ಬೀದಿಯಲ್ಲಿ ಆಟೋ ಬರುತ್ತದಲ್ಲ, "ನೂರು ರೂಪಾಯಿಗೆ ನಾಲ್ಕು ಕೆಜಿ ಈರುಳ್ಳಿ, ಬನ್ನಿ ಅಕ್ಕ ಬನ್ನಿ" ಎಂದು ಕೂಗಿಕೊಂಡು? ಅದರಲ್ಲಿ ಅರ್ಧಕ್ಕರ್ಧ ನನ್ನ ದನಿ. ಒಂದು ಸಣ್ಣ ಕೋಣೆಯಲ್ಲಿ ಕೂತು ಮೈಕಿನಲ್ಲಿ ಹೇಳಿ ಕೊಡುತ್ತೇನೆ. ಊರಿಗೆಲ್ಲ ಕೇಳುವ ದನಿ, ಮನೆಗೆ ಹೋದರೆ ಮಾತಾಡಲು ಒಂದು ಬೆಕ್ಕೂ ಇಲ್ಲ.

ಅಂದು ಸಂಜೆ ಮೌಲಾಸಾಬನ ಮನೆಯಲ್ಲೇ ಊಟ. ಕಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮೊಸರು. ಅಂಗಳದಲ್ಲಿ ಒಣಹಾಕಿದ್ದ ಶೇಂಗಾ ಎಗರಿಸಲು ಎರಡು ಮಂಗ ಹೊಂಚು ಹಾಕಿ ಗೋಡೆಯ ಮೇಲೆ ಕೂತಿದ್ದವು. ಊಟ ಮುಗಿದ ಮೇಲೆ ಮೌಲಾಸಾಬ ನನ್ನ ಕಡೆ ತಿರುಗಿ ಕೂತ.

"ಜವಾಬ ತಂದಿಯಲ್ಲ? ಹಾಡು ನೋಡೂನು."

ಬಸ್ಸಿನಲ್ಲಿ, ಸ್ನಾನದಲ್ಲಿ, ಮೈಕಿನ ಮುಂದೆ ಎಷ್ಟು ವರ್ಷ ತಿದ್ದಿದ್ದೆನೋ ಅದನ್ನು. ಸಣ್ಣ ದನಿಯಲ್ಲಿ ಹಾಡಿದೆ.

ಎರಡನೆ ಬುತ್ತಿ ನನ್ನದು ಅನ್ನೂದು ಮೂಢಗ ತಿಳಿಲಿಲ್ಲ,
ಹಸಿದ ಹೊಟ್ಟಿಲೆ ಹಾದಿ ಹಿಡದವಗ ಎಲ್ಲೂ ನೆರಳಿಲ್ಲ,
ಗಿಡದ ಕೆಳಗ ಕುಂತಾಕಿ ನೀನು ಇನ್ನೂ ಎದ್ದಿಲ್ಲಂದ್ರ
ಬಿಚ್ಚಿಡು ಗಂಟು, ಬಂದೇನಿ ನಾನು, ಇನ್ನ ತಡಾ ಇಲ್ಲ.

ಮೌಲಾಸಾಬ ಬೀಡಿ ಹಚ್ಚಿಕೊಂಡ. "ಪ್ರಾಸ ಛಲೋ ಕೂಡ್ಯಾವು" ಅಂದ.

"ಅಷ್ಟನ?"

"ಮತ್ತೇನ್ ಹೇಳ್ಲಿ? ಅವತ್ತಿಂದೂ ಪ್ರಾಸ ಛಲೋನ ಇತ್ತು." ತಾನೇ ನಕ್ಕ. "ಕೆಟ್ಟಮ್ಯಾಲ ಬುದ್ಧಿ ಬಂತು, ಅಟ್ಟಮ್ಯಾಲ ಒಲಿ ಉರೀತು ಅಂತಾರಲ್ಲ, ಹಂಗಾತು ನಿಂದು."

ಗಂಗಾಳ ತೆಗೆಯಲು ಬಂದ ಅವನ ಹೆಂಡತಿ ಹುಸೇನಬಿ ಅಲ್ಲಿಯೇ ನಿಂತು ಕೇಳಿಸಿಕೊಂಡಿದ್ದಳು. "ಆಕಿ ಇನ್ನೂ ಅದ ಗಿಡದ ಬುಡಕ ಕುಂತಾಳಂತ ನಿಮಗ ಯಾರ್ ಹೇಳ್ಯಾರ್ರಿ?" ಅಂದಳು. ಗಂಗಾಳ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಬಾಗಲಕೋಟೆ. ಬಾದಾಮಿಯಿಂದ ನೇರವಾಗಿ ಗುಡೂರಿನ ಮೇಲೆ ಇಳಕಲ್ಲಿಗೆ ಹೋಗಬಹುದಿತ್ತು. ಆದರೆ ಅಮಾವಾಸ್ಯೆಗೆ ಇನ್ನೂ ಒಂದು ದಿನವಿತ್ತು, ಮತ್ತು ನನಗೆ ಮೊದಲು ಕಲಾದಗಿಯನ್ನು ನೋಡಬೇಕೆನಿಸಿತ್ತು. ತಪ್ಪು ಮಾಡಿದ ಜಾಗದಲ್ಲಿ ನಿಂತು ಒಮ್ಮೆ ಜವಾಬು ಹಾಡಿ ನೋಡಿದರೆ ಇಳಕಲ್ಲಿನಲ್ಲಿ ದನಿ ನಡುಗುವುದಿಲ್ಲ ಎಂಬ ಹುಚ್ಚು ಲೆಕ್ಕ. ಬಸ್ಸು ತುಂಬ ಹೆಣ್ಣುಮಕ್ಕಳು. ಅವರಿಗೆ ಟಿಕೆಟ್ ಇಲ್ಲ, ನನಗೆ ಸೀಟಿಲ್ಲ. ಕಂಬ ಹಿಡಿದು ನಿಂತೆ. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟಿತ್ತು. ಗಾಳಿ ತಣ್ಣಗಿತ್ತು. ಕಂಡಕ್ಟರ್ ನನ್ನ ಸ್ವೆಟರ್ ನೋಡಿ, "ಯಾವ ಕಡ್ಯಾವ್ರಿ ನೀವು?" ಎಂದು ಕೇಳಿದ. ಹುನಗುಂದ ತಾಲ್ಲೂಕಿನವನೇ ಎಂದರೆ ನಂಬಲಿಲ್ಲ. "ಮಾತು ದಾವಣಗೆರಿ ಆಗ್ಯಾವಲ್ರಿ" ಅಂದ. ನನಗೆ ಸಿಟ್ಟು ಬಂತು. ದಾವಣಗೆರೆಯವರು ಹನ್ನೊಂದು ವರ್ಷದಿಂದ ನನ್ನ ಮಾತು ಕೇಳಿ ನೀವು ಬಾಗಲಕೋಟೆ ಕಡೆಯವರಾ ಎನ್ನುತ್ತಾರೆ.

ಬಾಗಲಕೋಟೆಯಲ್ಲಿ ಹಳೆಯ ಊರಿನ ಬದಿ ಇಳಿದು ಉಪ್ಪಿಟ್ಟು ತಿಂದೆ. ಒಂದು ಕಾಲಕ್ಕೆ ಮನೆಗಳಿದ್ದ ಕಡೆ ಈಗ ಅಣೆಕಟ್ಟಿನ ಹಿನ್ನೀರು. ಒಂದೆರಡು ಗೋಡೆ, ಒಂದು ಮೆಟ್ಟಿಲ ಸಾಲು ನೀರಿನ ಅಂಚಿನಲ್ಲಿ ನಿಂತಿದ್ದವು. ಹೋಟೆಲಿನವನು, "ನಮ್ಮ ಮನಿ ಅಲ್ಲೇ ಇತ್ತರಿ" ಎಂದು ನೀರಿನ ಕಡೆ ಸೌಟು ತೋರಿಸಿ, ಮತ್ತೆ ಉಪ್ಪಿಟ್ಟು ತಿರುವತೊಡಗಿದ.

ಕಲಾದಗಿಗೆ ಅಲ್ಲಿಂದ ಇನ್ನೊಂದು ಬಸ್ಸು, ಮುಕ್ಕಾಲು ಗಂಟೆ ದಾರಿ. ಶಾಲೆಯ ಅಂಗಳಕ್ಕೆ ಈಗ ಕಾಂಪೌಂಡು ಬಂದಿದೆ, ಗೇಟಿಗೆ ಬೀಗ. ಮಕ್ಕಳಿಗೆ ರಜೆಯೋ ಏನೋ, ಒಳಗೆ ಒಂದು ಎಮ್ಮೆ ಮಾತ್ರ ಮಲಗಿತ್ತು. ಎಮ್ಮೆಗೆ ಜವಾಬು ಹಾಡುವಷ್ಟು ನಾಚಿಕೆಗೆಟ್ಟಿರಲಿಲ್ಲ. ರಸ್ತೆಯ ಬದಿ ದಾಳಿಂಬೆ, ಚಿಕ್ಕು ಮಾರುತ್ತ ಒಬ್ಬ ಮುದುಕಿ ಕೂತಿದ್ದಳು. ಹಣ್ಣು ಕೊಂಡು, ಇಲ್ಲಿ ಹಿಂದೆ ಹಾಡಿಕೆ ಆಗುತ್ತಿತ್ತಲ್ಲವೇ ಎಂದು ಮಾತು ತೆಗೆದೆ.

"ಆಗ್ತಿದ್ದುವಪ್ಪಾ! ಭಾಳ ಜೋರ್ ಆಗ್ತಿದ್ದುವು. ಒಬ್ಬಾಂವ ಹರದೇಶಿ ಬರ್ತಿದ್ದ ನೋಡು, ಬಾಯಿ ಅಂದ್ರ ಬಾಯಿ. ಸೊಕ್ಕಿನ ಬುತ್ತಿ ನಾಯೂ ಮೂಸೂದಿಲ್ಲ, ಒಯ್ದು ಹಾಕ ತಿಪ್ಪಿಗೆ!" ಎಂದು ರಾಗ ಸಮೇತ ಹಾಡಿ, ತೊಡೆ ಬಡಿದು ನಕ್ಕಳು. "ನಮ್ಮ ಸೊಸಿ ಸಿಟ್ಟಾದಾಗ ಈಗೂ ಅದನ್ನ ಅಂತೇನಿ."

"ಆ ಹೆಣ್ಣುಮಗಳು ಏನು ಕೇಳಿದ್ದಳು, ನೆನಪಿದೆಯೇನು?"

ಮುದುಕಿ ಸ್ವಲ್ಪ ಯೋಚಿಸಿದಳು. "ಅದು ನೆಪ್ಪಿಲ್ಲಪ್ಪ. ಸೋತಾಕಿದು ಯಾರು ನೆಪ್ಪಿಡ್ತಾರ?"

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತೆ. ಇಷ್ಟು ವರ್ಷ ನನ್ನ ಒಂದು ಸಾಲಾದರೂ ಈ ಕಡೆ ಯಾರ ಬಾಯಲ್ಲಾದರೂ ಉಳಿದಿರಲಿ ಎಂದು ಆಸೆಪಟ್ಟವನು ನಾನು. ಉಳಿದದ್ದು ಅದೊಂದೇ. ಭಾಳ ಕೆಟ್ಟ ಅನ್ನಿಸಿತು.

ಬಾಗಲಕೋಟೆಗೆ ವಾಪಸು ಬಂದು ಹುನಗುಂದದ ಬಸ್ಸು ಹಿಡಿದೆ. ನಡುವೆ ಅಮೀನಗಡದಲ್ಲಿ ಹತ್ತು ನಿಮಿಷ ನಿಂತಿತು. ಎಲ್ಲರೂ ಕರದಂಟು ಕೊಳ್ಳುವುದನ್ನು ನೋಡಿ ನಾನೂ ನೀಲವ್ವನಿಗೆಂದು ಕಾಲು ಕೆಜಿ ಕೊಂಡೆ. ಹುನಗುಂದಕ್ಕೆ ಬಂದಾಗ ಸಂಜೆ ಐದು. ಇಳಕಲ್ಲು ಅಲ್ಲಿಂದ ಅರ್ಧ ಗಂಟೆ, ಅಷ್ಟೇ. ಆದರೂ ಹೋಗಲಿಲ್ಲ. ಸಂತೆಯಲ್ಲೋ, ಕಿರಾಣಿ ಅಂಗಡಿಯಲ್ಲೋ ಆಕೆ ಎದುರಾಗಿಬಿಟ್ಟರೆ ಏನು ಗತಿ ಎಂಬ ಹೆದರಿಕೆ. ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಕರದಂಟು ಕೊಟ್ಟರೆ ಆಕೆ ಏನಂದುಕೊಂಡಾಳು, ಹನ್ನೊಂದು ವರ್ಷಕ್ಕೆ ಕಾಲು ಕೆಜಿಯೇ ಎಂದಾಳೇ ಎಂದು ಯೋಚಿಸುತ್ತ ಯೋಚಿಸುತ್ತ ಮಂಚದ ಮೇಲೆ ಕೂತು ಅಷ್ಟನ್ನೂ ನಾನೇ ತಿಂದು ಮುಗಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಹುನಗುಂದ ಬಸ್ ಸ್ಟ್ಯಾಂಡಿನಲ್ಲಿ ಕೂಡಲಸಂಗಮಕ್ಕೆ ಹೋಗುವವರ ಗದ್ದಲ. ಒಂದು ದೊಡ್ಡ ಕುಟುಂಬ ನನ್ನನ್ನು ಕರೆದು ಫೋನು ಕೈಗಿತ್ತಿತು. ಅಜ್ಜಿಯಿಂದ ಕೂಸಿನವರೆಗೆ ಹನ್ನೆರಡು ಜನ. ನಾಲ್ಕು ಫೋಟೋ ತೆಗೆದುಕೊಟ್ಟೆ. ಮನೆಯ ಯಜಮಾನ ಸೌಜನ್ಯಕ್ಕೆ, "ನಿಮ್ದೂ ಒಂದು ತೆಗೀತೇನಿ ಬರ್ರಿ. ಯಾರ್ ಜೋಡಿ ಬಂದೀರಿ?" ಎಂದ.

"ಒಬ್ಬನ ಬಂದೇನ್ರಿ."

"ಹಂಗಾರ ಬ್ಯಾಡ ಬಿಡ್ರಿ" ಎಂದು ಫೋನು ಜೇಬಿಗಿಟ್ಟುಕೊಂಡ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಒಬ್ಬನದು ಫೋಟೋ ಯಾಕೆ ಅಂತ ಅವನಿಗೆ ಸಹಜವಾಗಿ ಅನ್ನಿಸಿತು.

ಬೇಕೆಂದೇ ತಡ ಮಾಡಿ ಇಳಕಲ್ಲಿಗೆ ಬಂದಾಗ ಎರಡು ಗಂಟೆ. ಊರು ನಿಶ್ಶಬ್ದವಾಗಿತ್ತು. ಅಮಾವಾಸ್ಯೆಗೆ ಇಲ್ಲಿ ಮಗ್ಗಗಳಿಗೆ ರಜೆ. ಬೇರೆ ದಿನ ಓಣಿಗೆ ಕಾಲಿಟ್ಟರೆ ಮನೆ ಮನೆಯಿಂದ ಕೇಳುವ ಖಟಖಟ ಸದ್ದು ಇಲ್ಲದೆ, ನನ್ನ ಚಪ್ಪಲಿಯ ಸದ್ದೇ ನನಗೆ ಕೇಳುತ್ತಿತ್ತು. ನೀಲವ್ವನ ಹಾಡಿನ ಬೈಠಕ್ಕೂ ಅದಕ್ಕೆಂದೇ ಅವತ್ತು. ನೇಕಾರರಿಗೆ ಬಿಡುವಾಗುವುದು ಆ ಒಂದು ಮಧ್ಯಾಹ್ನ. ಖಾನಾವಳಿಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ ತಿಂದೆ.

ನೂಲಿಗೆ ಬಣ್ಣ ಹಾಕುವ ಒಂದು ಮನೆಯ ಮೇಲಿನ ಮಹಡಿ. ಏರಿ ಹೋಗಲು ಕಟ್ಟಿಗೆಯ ಕಡಿದಾದ ಮೆಟ್ಟಿಲು. ಮೊದಲು ಅಲ್ಲಿ ನೂಲು ಹರವುತ್ತಿದ್ದರಂತೆ, ಗೋಡೆಯಲ್ಲಿ ಗೂಟಗಳು ಹಾಗೇ ಉಳಿದಿದ್ದವು. ನೆಲಕ್ಕೆ ಎರಡು ಜಮಖಾನೆ, ಒಂದು ಕಿಟಕಿ, ಒಂದು ಫ್ಯಾನು. ವೇದಿಕೆ ಇಲ್ಲ, ಮೈಕು ಇಲ್ಲ. ಬೈಠಕ್ಕು ನಡೆಸುವವರು ಶರಣಪ್ಪ ಮಾಸ್ತರರು, ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹೊಸಬ ಎಂದು ನನಗೆ ನಿಯಮ ಹೇಳಿದರು. "ಚಪ್ಪಾಳಿ ಹೊಡಿಯೂದಿಲ್ಲರಿ. ಫೋನಿನ್ಯಾಗ ಹಿಡಿಯೂದಿಲ್ಲ. ಹಾಡು ಮುಗಿದ ಮ್ಯಾಲ ಆಕಿ ಮುಂದಿಂದು ಎತ್ತೂತನಾ ಎಲ್ಲಾರೂ ಸುಮ್ಮ ಕೂಡೂದು. ಛಲೋ ಅನಿಸಿದ್ರ ಮನಸ್ಸಿನ್ಯಾಗ ಅನ್ರಿ."

ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ ಕೂತೆ. ಪಕ್ಕದಲ್ಲಿ ಒಬ್ಬ ವಯಸ್ಸಾದ ನೇಕಾರ. ನೀಲವ್ವ ಮೂರು ಗಂಟೆಗೆ ಬಂದಳು. ಕೂದಲು ಹಣ್ಣಾಗಿತ್ತು, ಕನ್ನಡಕ ಬಂದಿತ್ತು, ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ದಪ್ಪು ಇರಲಿಲ್ಲ. ಒಂದು ತುಂತುಣಿ ಮಾತ್ರ, ಒಂದೇ ತಂತಿಯದು, ತಾನೇ ಮೀಟಿಕೊಂಡು ಹಾಡುವುದು. ಎಲ್ಲರಿಗೂ ಕೈ ಮುಗಿದಳು. ಆ ಕೈಮುಗಿತದಲ್ಲಿ ನನ್ನನ್ನೂ ಕಂಡಳೋ ಇಲ್ಲವೋ ಗೊತ್ತಾಗಲಿಲ್ಲ.

ಹಾಡಲು ಶುರು ಮಾಡಿದಳು. ನನಗೆ ಗುರುತೇ ಸಿಗಲಿಲ್ಲ. ಮೊದಲು ಸಾವಿರ ಜನರಿಗೆ ಕೇಳಬೇಕೆಂದು ಕೊರಳು ಹರಿದು ಕೂಗುತ್ತಿದ್ದವಳು, ಈಗ ಎದುರಿಗೆ ಕೂತವರಿಗೆ ಕೇಳಿದರೆ ಸಾಕು ಎನ್ನುವ ಹಾಗೆ ಹಾಡುತ್ತಿದ್ದಳು. ದನಿ ಕೆಳಗೆ ಇಳಿದಿತ್ತು, ಅಲ್ಲಲ್ಲಿ ಒಡೆದಿತ್ತು. ಒಡೆದ ಕಡೆ ಮುಚ್ಚಲು ಹೋಗುತ್ತಿರಲಿಲ್ಲ.

ಸೆರಗಿನ ಎಳಿ ಬ್ಯಾರೆ, ಮೈಯ ಎಳಿ ಬ್ಯಾರೆ,
ಕೊಂಡಿ ಹಾಕಿದ ಬೆರಳಿನ ಹೆಸರು ಸೀರಿಮ್ಯಾಲಿಲ್ಲ,
ಉಟ್ಟಾಕಿ ನಕ್ಕಾಳ ಕನ್ನಡ್ಯಾಗ,
ಬೆರಳು ಉಳದಾವ ಮನಿಯಾಗ.

ಪಕ್ಕದ ನೇಕಾರ ನನ್ನ ಕಿವಿಯಲ್ಲಿ ಹೇಳಿದ: "ನಮ್ಮ ಸೀರಿಗೆ ಸೆರಗಿನ ಹಾಸು ಬ್ಯಾರೆ, ಒಡಲಿನ ಹಾಸು ಬ್ಯಾರೆ ಇರ್ತಾವ್ರಿ. ಒಂದೊಂದು ಎಳಿ ಕೊಂಡಿ ಹಾಕಿ ಕೂಡಸ್ಬೇಕು. ಆ ಕೆಲಸ ಆಕಿದು. ದಿನಾ ಅದನ್ನ ಮಾಡ್ತಾಳ." ಎರಡನೆಯ ಹಾಡು ಒಬ್ಬರಿಗೆ ಅನ್ನ ಮಾಡುವುದರ ಮೇಲೆ. ಒಂದು ಹಿಡಿ ಅಕ್ಕಿ ಹಾಕಿದರೆ ಸಾಲುವುದಿಲ್ಲ, ಎರಡು ಹಾಕಿದರೆ ಉಳಿಯುತ್ತದೆ, ಒಬ್ಬರ ಅಳತೆಯ ಗಡಿಗೆಯನ್ನು ಯಾವ ಕುಂಬಾರನೂ ಮಾಡುವುದಿಲ್ಲ ಎಂದು. ನಾನು ದಿನಾ ಉಳಿದ ಅನ್ನ ಕಟ್ಟೆಯ ಮೇಲೆ ಕಾಗೆಗೆ ಇಡುವವನು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ಮುಂದಿನವರಿಗೆ ಹೇಗೂ ಕಾಣುವುದಿಲ್ಲ.

ಆದರೆ ಪ್ರತಿ ಹಾಡು ಮುಗಿದಾಗಲೂ ನನಗೆ ಏಳಬೇಕೆನಿಸುತ್ತಿತ್ತು. ಬೇರೆಯವರಿಗೆ ಆ ಮೌನ ಹಾಡು ಕೇಳಿದ ಸುಖ. ನನ್ನಂಥ ಹಾಡಿಕೆಯವನಿಗೆ ಹಾಡಿನ ಕೊನೆಯ ಮೌನ ಎಂದರೆ ಒಂದೇ ಅರ್ಥ: ಎದುರಿನವನು ಎದ್ದು ಜವಾಬು ಕೊಡಬೇಕು, ಕೊಡದಿದ್ದರೆ ಸೋತ. ಐದು ಹಾಡು ಆದವು. ಐದು ಸಲ ನಾನು ಕೂತಲ್ಲೇ ಸೋತೆ. ಒಂದರಲ್ಲೂ ಸವಾಲು ಇರಲಿಲ್ಲ.

ಆರನೆಯ ಹಾಡಿಗೆ ತಂತಿ ಮೀಟಿ ಒಂದು ಕ್ಷಣ ತಡೆದಳು. ಆಮೇಲೆ ಎತ್ತಿದ್ದು ಅದೇ ನುಡಿ. ಎರಡು ದಾರಿ ಕೂಡುವ ಕಡೆ ಬನ್ನಿಯ ಗಿಡ, ನೆರಳಿಗೆ ಕೂತವಳು, ಎರಡು ಬುತ್ತಿ. ಬಂತು ಎಂದುಕೊಂಡೆ. ನನ್ನ ನಾಲ್ಕು ಸಾಲು ನಾಲಿಗೆಯ ತುದಿಗೆ ಬಂದು ನಿಂತವು. ಈಗ ಯಾರಿಗೆ ಎಂದು ಕೇಳುತ್ತಾಳೆ, ನಾನು ಏಳುತ್ತೇನೆ. ಗೋಡೆ ಹಿಡಿದು ಅರ್ಧ ಎದ್ದೇಬಿಟ್ಟೆ.

ಹೊತ್ತು ಇಳಿಯಿತು, ಕುಂತಾಕಿ ಎದ್ದಳು, ಧೂಳ ಜಾಡಿಸಿದಳು,
ಒಂದು ಬುತ್ತಿ ತಾನ ಉಂಡಳು, ಒಂದು ಇರುವಿಗೆ ಬಿಚ್ಚಿದಳು,
ಯಾವ ದಾರಿ ಯಾವೂರಿಗಂತ ಯಾರನ್ನೂ ಕೇಳಲಿಲ್ಲ,
ನೆರಳು ಮುಂದಾಗಿ ನಡೆದಿತ್ತು, ಹಿಂದ ತಾ ನಡೆದಳು.

ಅಷ್ಟೇ. ಹಾಡು ಮುಗಿಯಿತು. ಕೇಳುವುದು ಏನೂ ಉಳಿದಿರಲಿಲ್ಲ. ಮೂವತ್ತು ಜನ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದರು, ನಾನೊಬ್ಬನೇ ಗೋಡೆ ಹಿಡಿದು ಬಾಗಿ ನಿಂತಿದ್ದೆ. ಶರಣಪ್ಪ ಮಾಸ್ತರರು ನನ್ನನ್ನು ನೋಡಿ, ಪಾಪ, ತಪ್ಪು ತಿಳಿದು, ಮೆಟ್ಟಿಲ ಕಡೆ ಕೈ ತೋರಿಸಿ ಪಿಸುಗುಟ್ಟಿದರು: "ಕೆಳಗ ಹಿತ್ತಲದಾಗ ಐತ್ರಿ."

ಏನು ಮಾಡಲಿ? ಇಳಿದು ಹೋದೆ. ಹಿತ್ತಲಿನಲ್ಲಿ ಬಣ್ಣದ ಹಂಡೆಗಳ ಮಧ್ಯೆ ಸ್ವಲ್ಪ ಹೊತ್ತು ನಿಂತೆ. ಗೋಡೆಗೆಲ್ಲ ಕೆಂಪು, ನೀಲಿ ಚಿಮ್ಮಿ ಒಣಗಿತ್ತು. ಮೇಲಿನಿಂದ ಆಕೆಯ ಏಳನೆಯ ಹಾಡು ಸಣ್ಣಗೆ ಕೇಳುತ್ತಿತ್ತು. ಸಾಲುಗಳು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಮತ್ತೆ ಮೇಲೆ ಹೋಗಲಿಲ್ಲ.

ಐದೂವರೆಗೆ ಬೈಠಕ್ಕು ಮುಗಿಯಿತು. ಜನ ಇಳಿದು ಒಬ್ಬೊಬ್ಬರೇ ಹೋದರು. ಕೊನೆಗೆ ನೀಲವ್ವ ಇಳಿದು ಬಂದಳು, ಎರಡು ಲೋಟ ಚಹಾ ಹಿಡಿದುಕೊಂಡು. ಒಂದು ನನಗೆ ಕೊಟ್ಟಳು. ಹಂಡೆಯ ಕಟ್ಟೆಯ ಮೇಲೆ ಕೂತಳು.

"ಮೌಲಾನ ಫೋನ್ ಬಂದಿತ್ತು. ನೀ ಬರ್ತೀ ಅಂತ ಹೇಳಿದ್ದ" ಅಂದಳು. "ಊಟ ಆಗೈತಿ?"

"ಆಗೈತಿ."

"ಸೊರಗೀಯಲ್ಲ."

"ನೀನೂ."

ಚಹಾ ಕುಡಿದೆವು. ಆಮೇಲೆ ನಾನು ಗಂಟಲು ಸರಿ ಮಾಡಿಕೊಂಡೆ. "ನೀಲಾ, ನಿನಗೊಂದು ಜವಾಬ ತಂದೇನಿ. ಎರಡನೆ ಬುತ್ತಿ ನನ್ನದು ಅನ್ನೂದು ಮೂಢಗ..."

ಆಕೆ ಕೈ ಎತ್ತಿ ತಡೆದಳು. "ಪ್ರಾಸ ಬ್ಯಾಡ."

ನಿಲ್ಲಿಸಿದೆ.

"ಒಂದ ಮಾತು ಕೇಳ್ತೇನಿ. ಇದು ಸವಾಲಲ್ಲ. ಹಾಡಬ್ಯಾಡ, ಹೇಳು. ಅವತ್ತ ಕಲಾದಗ್ಯಾಗ ನಾ ಖರೆ ಕೇಳಾಕತ್ತೇನಿ ಅಂತ ನಿನಗ ಗೊತ್ತಿತ್ತೋ, ಇದ್ದಿಲ್ಲೋ?"

ನನ್ನ ಜನ್ಮದಲ್ಲಿ ಒಂದು ಪ್ರಶ್ನೆಗೂ ನಾನು ತಡವರಿಸಿದವನಲ್ಲ. ಆ ಹಿತ್ತಲಿನಲ್ಲಿ ತಡವರಿಸಿದೆ. ಹೊಳೆಯಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಮೇಲೆ ನಿಮಗೂ ಹಾಗೇ ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ, ಇರಲಿ. ಖರೆ ಏನೆಂದರೆ, ಅವತ್ತು ಕಲಾದಗಿಯಲ್ಲಿ ಆಕೆ ಯಾರಿಗೆ ಎಂದು ಕೇಳಿದ ಕೂಡಲೇ ಅದು ನನ್ನ ಬುತ್ತಿ ಎಂದು ನನಗೆ ಗೊತ್ತಾಗಿತ್ತು. ಆದರೆ ಅದೇ ಉಸಿರಿನಲ್ಲಿ ಸೊಕ್ಕಿಗೆ, ತಿಪ್ಪಿಗೆ ಎಂಬ ಪ್ರಾಸವೂ ಬಾಯಿಗೆ ಬಂದಿತ್ತು. ಎದುರಿಗೆ ಅಷ್ಟು ಜನ ಕಾಯುತ್ತಿದ್ದರು. ಬಂದ ಪ್ರಾಸವನ್ನು ಬಿಡಲು ನನ್ನಿಂದ ಆಗಲಿಲ್ಲ.

"ಗೊತ್ತಿತ್ತು" ಅಂದೆ.

ನೀಲವ್ವ ತಲೆಯಾಡಿಸಿದಳು. ಲೋಟ ಕೆಳಗಿಟ್ಟಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಸಿಟ್ಟಾದರೂ ಮಾಡಬಾರದೇ ಎನಿಸಿತು ನನಗೆ.

"ನಾ ಎಲ್ಲಾರ ಮುಂದೂ ನಿನ್ನ ಪರ ಹೇಳ್ಕೋತ ಬಂದೇನಿ" ಅಂದಳು. "ಅವಗ ತಿಳೀಲಿಲ್ಲ, ತಿಳದಿದ್ರ ಹಂಗ ಅಂತಿದ್ದಿಲ್ಲ ಅಂತ. ನಮ್ಮವ್ವ ಸಾಯೂತನಾ ನಂಬಲಿಲ್ಲ. ಆಕಿ ಜೋಡಿ ಅದ ಮಾತಿಗೆ ಜಗಳ ಆಡೇನಿ. ಆಕಿದ ಖರೆ ಆತು."

ನಾನು ತಪ್ಪಾಯಿತು ಎಂದೆ. ಎರಡು ಸಲ ಎಂದೆ. ಆಕೆ ಹೂಂ ಅಂದಳು, ಎರಡೂ ಸಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಎದ್ದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಆರೂವರಿಗೆ ಬಾದಾಮಿ ಬಸ್ ಐತಿ. ಗುಡೂರ ಮ್ಯಾಲ ಹೋಗ್ತೈತಿ. ಅದು ತಪ್ಪಿದ್ರ ನಾಳೆ ಮುಂಜಾನಿನ."

ಬಸ್ಸು ಸಿಕ್ಕಿತು. ಅರ್ಧ ಖಾಲಿ ಇತ್ತು, ಈ ಸಲ ಕಿಟಕಿಯ ಸೀಟು. ಊರು ಬಿಡುವಾಗ ಆ ಓಣಿಯ ಕಡೆ ತಿರುಗಿ ನೋಡಿದೆ. ಮಹಡಿ ಕಾಣಿಸಲಿಲ್ಲ, ಎದುರಿಗೆ ಒಂದು ದೊಡ್ಡ ಕಟ್ಟಡ ಎದ್ದಿದೆ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಗುಡೂರು ಹತ್ತಿರ ಬಂದಾಗ ಮೌಲಾಸಾಬನ ಫೋನು.

"ಜವಾಬ ಹೇಳಿದ್ಯೇನಲೇ?"

"ಹೇಳಿದೆ."

"ನಾಕೂ ಸಾಲು?"

"ಇಲ್ಲ. ಒಂದ ಮಾತು."

"ಒಂದ ಮಾತಾ? ನೀನಾ?" ಎಂದು ಜೋರಾಗಿ ನಕ್ಕ. ನಾನು ನಗಲಿಲ್ಲವಾದ್ದರಿಂದ ಅವನೂ ನಿಲ್ಲಿಸಿದ. "ಆಕಿ ಏನಂದ್ಲು ಮತ್ತ?"

"ಬಸ್ಸಿನ ಟೈಮ್ ಹೇಳಿದ್ಲು" ಅಂದೆ.